ವಿಜಯಪುರದ ಗಡಸು ನೀರಿಗೂ ಬಿಸಿಲಿಗೂ ಒಗ್ಗುವ ಅಕ್ವೇರಿಯಂ ಫಿಲ್ಟರ್ ಯಾವುದು?

ಮನೆಯ ಅಕ್ವೇರಿಯಂಗೆ ಫಿಲ್ಟರ್ ಕೊಳ್ಳಲು ಅಂಗಡಿಗೆ ಹೋದವರು ಮೊದಲು ಓದುವುದು ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ಮುದ್ರಿಸಿರುವ ‘ಗಂಟೆಗೆ ಇಷ್ಟು ಲೀಟರ್’ ಎಂಬ ಅಂಕಿಯನ್ನು. ಅಂಗಡಿಯವರೂ ಅದನ್ನೇ ತೋರಿಸಿ, “ಸರ್ರ, ದೊಡ್ಡ ಮೋಟರ್ ಇರೋದ ತಗೋರಿ, ನೀರು ಹೊಲಸ ಆಗೂದ ಇಲ್ಲ” ಎನ್ನುತ್ತಾರೆ. ವಿಜಯಪುರದಲ್ಲಿ ಮೀನು ಸಾಕುವವರಿಗೆ ಈ ಸಲಹೆ ಸಾಲದು. ಇಲ್ಲಿನ ಬೋರ್‌ವೆಲ್ ನೀರಿನಲ್ಲಿ ಸುಣ್ಣದ ಅಂಶ ಹೆಚ್ಚು, ಏಪ್ರಿಲ್ ಬಂತೆಂದರೆ ಬಿಸಿಲು 40 ಡಿಗ್ರಿ ದಾಟುತ್ತದೆ, ಮುಂಗಾರಿಗೆ ಮೊದಲಿನ ಗಾಳಿ ಬೀಸಿದರೆ ಕರೆಂಟ್ ಹೋಗುತ್ತದೆ. ಈ ಮೂರನ್ನೂ ತಾಳಿಕೊಂಡು ಮೀನನ್ನು ಬದುಕಿಸುವ ಫಿಲ್ಟರ್ ಯಾವುದೆಂದು ನೋಡಿ ಹಣ ಕೊಡಬೇಕು. ಸ್ಪಂಜ್ ಫಿಲ್ಟರ್, ಟಾಪ್ ಫಿಲ್ಟರ್, ಹ್ಯಾಂಗ್ ಆನ್ ಫಿಲ್ಟರ್, ಕ್ಯಾನಿಸ್ಟರ್ ಈ ನಾಲ್ಕನ್ನೂ ಬೇರೆ ಬೇರೆ ಟ್ಯಾಂಕ್‌ಗಳಲ್ಲಿ ಬಳಸಿ ನೋಡಿದ್ದೇನೆ. ಇವುಗಳಲ್ಲಿ ಯಾವುದಕ್ಕೆ ಯಾರು ಹಣ ಹಾಕಬಹುದು, ಯಾರು ಹಾಕಬಾರದು ಎಂಬುದನ್ನು ಕಾರಣಸಹಿತ ಬರೆಯುತ್ತಿದ್ದೇನೆ.

ಫಿಲ್ಟರ್ ಎಂದರೆ ಕಸ ಹಿಡಿಯುವ ಸಾಧನ ಎಂದು ಬಹಳ ಜನ ತಿಳಿದಿರುತ್ತಾರೆ. ಕಸ ಹಿಡಿಯುವುದು ಅದರ ಕೆಲಸಗಳಲ್ಲಿ ಒಂದು ಮಾತ್ರ, ಅದೂ ಚಿಕ್ಕದು. ಮೀನು ತನ್ನ ಕಿವಿರುಗಳ ಮೂಲಕ ಹಗಲಿರುಳು ಅಮೋನಿಯಾವನ್ನು ನೀರಿಗೆ ಬಿಡುತ್ತಿರುತ್ತದೆ. ತಿನ್ನದೆ ಉಳಿದ ಆಹಾರ, ಮಲ, ಕೊಳೆತ ಎಲೆ ಎಲ್ಲವೂ ಕೊನೆಗೆ ಅಮೋನಿಯಾ ಆಗುತ್ತವೆ. ಈ ಅಮೋನಿಯಾವನ್ನು ನೈಟ್ರೋಸೊಮೊನಾಸ್ ಮೊದಲಾದ ಬ್ಯಾಕ್ಟೀರಿಯಾಗಳು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ, ಆ ನೈಟ್ರೈಟನ್ನು ನೈಟ್ರೋಸ್ಪೈರಾದಂಥ ಬ್ಯಾಕ್ಟೀರಿಯಾಗಳು ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಮೊದಲಿನ ಎರಡೂ ಮೀನಿಗೆ ವಿಷ: ಅಮೋನಿಯಾ ಕಿವಿರನ್ನು ಸುಡುತ್ತದೆ, ನೈಟ್ರೈಟ್ ರಕ್ತಕ್ಕೆ ಸೇರಿ ಆಮ್ಲಜನಕ ಸಾಗಿಸುವ ಶಕ್ತಿಯನ್ನು ಕುಂದಿಸುತ್ತದೆ. ನೈಟ್ರೇಟ್ ಅಷ್ಟು ಕೆಡುಕಿನದಲ್ಲ, ವಾರಕ್ಕೊಮ್ಮೆ ಒಂದಿಷ್ಟು ನೀರು ಬದಲಿಸಿದರೆ ಹೊರಹೋಗುತ್ತದೆ, ಟ್ಯಾಂಕಿನಲ್ಲಿ ಗಿಡಗಳಿದ್ದರೆ ಅವೂ ಸ್ವಲ್ಪ ಹೀರಿಕೊಳ್ಳುತ್ತವೆ. ಈ ಬ್ಯಾಕ್ಟೀರಿಯಾಗಳು ನೀರಿನಲ್ಲಿ ತೇಲಾಡಿಕೊಂಡು ಇರುವಂಥವಲ್ಲ. ಸ್ಪಂಜು, ಸೆರಾಮಿಕ್ ರಿಂಗ್ (ಸೂಕ್ಷ್ಮ ರಂಧ್ರಗಳಿರುವ ಪಿಂಗಾಣಿಯ ಚಿಕ್ಕ ಬಳೆ), ಕಲ್ಲು, ಗಾಜು ಹೀಗೆ ಯಾವುದಾದರೂ ಮೇಲ್ಮೈಗೆ ಅಂಟಿಕೊಂಡು ಬೆಳೆಯುತ್ತವೆ. ಅವುಗಳಿಗೆ ನೆಲೆ ಒದಗಿಸಿ, ಅಲ್ಲಿಗೆ ಆಮ್ಲಜನಕವಿರುವ ನೀರನ್ನು ಎಡೆಬಿಡದೆ ಹಾಯಿಸುವುದೇ ಫಿಲ್ಟರಿನ ನಿಜವಾದ ಕೆಲಸ. ನೀರು ತಿಳಿಯಾಗಿ ಕಂಡರೂ ಅದರಲ್ಲಿ ಅಮೋನಿಯಾ ಇರಬಹುದು, ಅದು ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ಫಿಲ್ಟರಿನ ಜೊತೆಗೆ ಹನಿ ಹಾಕಿ ಬಣ್ಣ ನೋಡುವ ಅಮೋನಿಯಾ ಟೆಸ್ಟ್ ಕಿಟ್ ಒಂದನ್ನು ಕೊಳ್ಳುವುದು ಅಲಂಕಾರದ ಗೊಂಬೆ ಕೊಳ್ಳುವುದಕ್ಕಿಂತ ಎಷ್ಟೋ ಮುಖ್ಯ.

ನಮ್ಮ ಜಿಲ್ಲೆಯ ನೀರಿನ ಗುಣ ಇಲ್ಲಿಯೇ ಮುಖ್ಯವಾಗುತ್ತದೆ. ಅಮೋನಿಯಾ ನೀರಿನಲ್ಲಿ ಎರಡು ರೂಪದಲ್ಲಿರುತ್ತದೆ: ಒಂದು ಅಷ್ಟಾಗಿ ಅಪಾಯವಿಲ್ಲದ ಅಮೋನಿಯಂ, ಇನ್ನೊಂದು ಮೀನನ್ನು ಕೊಲ್ಲುವ ಮುಕ್ತ ಅಮೋನಿಯಾ. ನೀರಿನ ಪಿಎಚ್ (ನೀರು ಎಷ್ಟು ಆಮ್ಲೀಯ, ಎಷ್ಟು ಕ್ಷಾರೀಯ ಎಂಬುದರ ಅಳತೆ) ಮತ್ತು ಉಷ್ಣತೆ ಏರಿದಷ್ಟೂ ಎರಡನೆಯದರ ಪಾಲು ಏರುತ್ತದೆ. ಪಿಎಚ್ 7 ಇರುವ, 25 ಡಿಗ್ರಿ ಉಷ್ಣತೆಯ ನೀರಿನಲ್ಲಿ ಮುಕ್ತ ಅಮೋನಿಯಾದ ಪಾಲು ಸುಮಾರು ಶೇ. 0.6, ಪಿಎಚ್ 8 ಆಗಿ ಉಷ್ಣತೆ 30 ಡಿಗ್ರಿಗೆ ಬಂದರೆ ಅದು ಸುಮಾರು ಶೇ. 7.5. ಮೀನು ಅಷ್ಟೇ, ಹಾಕಿದ ಆಹಾರ ಅಷ್ಟೇ ಇದ್ದರೂ ವಿಷ ಹನ್ನೆರಡು ಪಟ್ಟಿಗೂ ಹೆಚ್ಚಾಯಿತು. ನಮ್ಮ ಬೋರ್‌ವೆಲ್ ನೀರು ಕ್ಷಾರದ ಕಡೆಗೇ ವಾಲುವುದರಿಂದಲೂ, ಬೇಸಿಗೆಯಲ್ಲಿ ಟ್ಯಾಂಕಿನ ನೀರು 30 ಡಿಗ್ರಿಯನ್ನು ಸುಲಭವಾಗಿ ದಾಟುವುದರಿಂದಲೂ, ತಂಪು ಊರುಗಳಲ್ಲಿ ನಡೆದುಹೋಗುವ ಅರೆಬರೆ ಫಿಲ್ಟರ್ ಇಲ್ಲಿ ನಡೆಯುವುದಿಲ್ಲ.

ಹಾಗೆಂದು ಗಡಸು ನೀರನ್ನು ಶತ್ರುವೆಂದು ತಿಳಿಯಬೇಕಾಗಿಲ್ಲ. ಬ್ಯಾಕ್ಟೀರಿಯಾಗಳು ಒಂದು ಗ್ರಾಂ ಅಮೋನಿಯಾ ಸಾರಜನಕವನ್ನು ನೈಟ್ರೇಟ್ ಮಾಡುವಾಗ ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಸುಮಾರು 7.14 ಗ್ರಾಂ ಕ್ಷಾರೀಯತೆಯನ್ನು, ಅಂದರೆ ಪಿಎಚ್ ಕುಸಿಯದಂತೆ ತಡೆಯುವ ಅಂಶವನ್ನು, ತಿಂದುಹಾಕುತ್ತವೆ. ಮೆದು ನೀರಿನಲ್ಲಿ ಈ ಕ್ಷಾರೀಯತೆ ಬೇಗ ಮುಗಿದು ಪಿಎಚ್ ಒಮ್ಮೆಲೇ ಕುಸಿಯುತ್ತದೆ, ಬ್ಯಾಕ್ಟೀರಿಯಾಗಳ ಕೆಲಸವೇ ನಿಂತುಹೋಗುತ್ತದೆ. ನಮ್ಮ ನೀರಿನಲ್ಲಿ ಆ ದಾಸ್ತಾನು ಧಾರಾಳವಾಗಿರುತ್ತದೆ. ಶುದ್ಧ ಕುಡಿಯುವ ನೀರಿನ ಘಟಕದಿಂದ ಇಪ್ಪತ್ತು ಲೀಟರಿನ ಕ್ಯಾನ್‌ಗಳಲ್ಲಿ, ಈ ಕ್ಷಾರೀಯತೆಯನ್ನೂ ಬಹುಪಾಲು ಸೋಸಿ ತೆಗೆದ ಆರ್‌ಒ ನೀರು ತಂದು ಇಡೀ ಟ್ಯಾಂಕ್ ತುಂಬಿಸುವವರನ್ನು ನೋಡಿದ್ದೇನೆ. ಅವರ ಟ್ಯಾಂಕಿನಲ್ಲಿ ಎಷ್ಟು ಬೆಲೆಯ ಫಿಲ್ಟರ್ ಇದ್ದರೂ ಅದು ಸರಿಯಾಗಿ ಕೆಲಸ ಮಾಡದಿರಲು ಇದೇ ಕಾರಣ. ನಲ್ಲಿಗೆ ಬರುವ ಕೃಷ್ಣಾ ನೀರನ್ನೋ ಬೋರ್‌ವೆಲ್ ನೀರನ್ನೋ ಬಳಸಿ, ಅದಕ್ಕೆ ಒಗ್ಗುವ ಮೀನನ್ನು ಆರಿಸಿಕೊಳ್ಳುವುದು ಜಾಣತನ. ಗಪ್ಪಿ, ಮೋಲಿ, ಗೋಲ್ಡ್ ಫಿಶ್ ಇವು ಗಡಸು ನೀರಿನಲ್ಲಿ ಸೊಗಸಾಗಿ ಬದುಕುತ್ತವೆ. ನಲ್ಲಿ ನೀರಾದರೆ ಅದರಲ್ಲಿರುವ ಕ್ಲೋರಿನ್ ಮೀನಿಗೆ ಮಾತ್ರವಲ್ಲ, ಫಿಲ್ಟರಿನ ಬ್ಯಾಕ್ಟೀರಿಯಾಗಳಿಗೂ ಮಾರಕವಾದ್ದರಿಂದ, ಆ್ಯಂಟಿ ಕ್ಲೋರಿನ್ ಹನಿ ಹಾಕದೆ ಟ್ಯಾಂಕಿಗೆ ಸುರಿಯಬಾರದು.

ಇನ್ನು ಆಮ್ಲಜನಕ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9.1 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲದು, 30 ಡಿಗ್ರಿಯಲ್ಲಿ ಅದು ಸುಮಾರು 7.5ಕ್ಕೆ ಇಳಿಯುತ್ತದೆ. ಮೀನಿನ ಉಸಿರಾಟದ ಅಗತ್ಯವಾದರೋ ಬಿಸಿಯಲ್ಲಿ ಏರುತ್ತದೆ. ಅದರ ಮೇಲೆ, ಒಂದು ಗ್ರಾಂ ಅಮೋನಿಯಾ ಸಾರಜನಕವನ್ನು ನೈಟ್ರೇಟ್ ಮಾಡಲು ಬ್ಯಾಕ್ಟೀರಿಯಾಗಳಿಗೆ ಸುಮಾರು 4.57 ಗ್ರಾಂ ಆಮ್ಲಜನಕ ಬೇಕು. ಮೇ ತಿಂಗಳ ಮಧ್ಯಾಹ್ನದಲ್ಲಿ ಮೀನುಗಳು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ಬಿಡುತ್ತಿದ್ದರೆ ಅವು ಆಹಾರ ಕೇಳುತ್ತಿಲ್ಲ, ಗಾಳಿಗಾಗಿ ಒದ್ದಾಡುತ್ತಿವೆ. ನೀರಿನ ಮೇಲ್ಮೈಯನ್ನು ಚೆನ್ನಾಗಿ ಕದಡುವ ಫಿಲ್ಟರ್ ಯಾವುದೋ ಅದಕ್ಕೆ ನಮ್ಮ ಊರಿನಲ್ಲಿ ಹೆಚ್ಚು ಅಂಕ ಕೊಡಬೇಕು.

ಈ ಅಳತೆಗೋಲಿನಲ್ಲಿ ನೋಡಿದಾಗ ನನ್ನ ಮೆಚ್ಚುಗೆ ಮೊದಲು ಸಲ್ಲುವುದು ಅಂಗಡಿಯಲ್ಲಿ ಎಲ್ಲಕ್ಕಿಂತ ಅಗ್ಗವಾಗಿ ಮೂಲೆಯಲ್ಲಿ ಬಿದ್ದಿರುವ ಸ್ಪಂಜ್ ಫಿಲ್ಟರಿಗೆ. ಒಂದು ಪ್ಲಾಸ್ಟಿಕ್ ಕೊಳವೆ, ಅದರ ಸುತ್ತ ಒಂದು ಅಥವಾ ಎರಡು ಸ್ಪಂಜು, ಕೆಳಗೆ ಭಾರದ ಪೀಠ, ಗಾಳಿಯ ಪೈಪು ಸಿಕ್ಕಿಸಲು ಒಂದು ತೂತು, ಇಷ್ಟೇ ಅದರ ರಚನೆ. ಏರ್ ಪಂಪಿನಿಂದ ಬಂದ ಗಾಳಿ ಕೊಳವೆಯೊಳಗೆ ಗುಳ್ಳೆಗಳಾಗಿ ಮೇಲೇರುವಾಗ ನೀರನ್ನೂ ಎತ್ತಿಕೊಂಡು ಹೋಗುತ್ತದೆ. ಆ ಜಾಗ ತುಂಬಲು ಸುತ್ತಲಿನ ನೀರು ಸ್ಪಂಜಿನ ಮೂಲಕವೇ ಒಳಬರಬೇಕು. ಸ್ಪಂಜಿನ ಸಾವಿರಾರು ರಂಧ್ರಗಳ ಗೋಡೆಗಳಲ್ಲಿ ಬ್ಯಾಕ್ಟೀರಿಯಾಗಳು ನೆಲೆಸುತ್ತವೆ, ಮೇಲ್ಮೈಯಲ್ಲಿ ಒಡೆಯುವ ಗುಳ್ಳೆಗಳು ನೀರನ್ನು ಕದಡಿ ಆಮ್ಲಜನಕ ಸೇರಿಸುತ್ತವೆ. ನೀರಿನೊಳಗೆ ಮೋಟಾರ್ ಇಲ್ಲದಿರುವುದರಿಂದ ಅದರ ಬಿಸಿ ನೀರಿಗೆ ಸೇರುವುದಿಲ್ಲ, ಸುಣ್ಣ ಕಟ್ಟಿ ಸಿಕ್ಕಿಕೊಳ್ಳಲು ತಿರುಗುವ ಭಾಗವೂ ಇಲ್ಲ, ಗಪ್ಪಿ ಮರಿಗಳನ್ನು ಎಳೆದುಕೊಳ್ಳುವ ಭಯವೂ ಇಲ್ಲ. ಸಾಧಾರಣ ಸ್ಪಂಜ್ ಫಿಲ್ಟರ್ ಇನ್ನೂರರಿಂದ ಐನೂರು ರೂಪಾಯಿಯೊಳಗೆ ಸಿಗುತ್ತದೆ, ಒಳ್ಳೆಯ ಏರ್ ಪಂಪಿಗೆ ಮತ್ತೆ ಅಷ್ಟೋ ಸ್ವಲ್ಪ ಹೆಚ್ಚೋ ಆಗುತ್ತದೆ.

ಕೊಳ್ಳುವಾಗ ಸ್ಪಂಜನ್ನು ಬೆರಳಲ್ಲಿ ಒತ್ತಿ ನೋಡಬೇಕು. ತೀರಾ ನುಣುಪಾದ, ರಂಧ್ರಗಳೇ ಕಾಣದ ಸ್ಪಂಜು ಒಂದೆರಡು ವಾರದಲ್ಲಿ ಕಟ್ಟಿಕೊಳ್ಳುತ್ತದೆ. ಬರಿಗಣ್ಣಿಗೆ ರಂಧ್ರ ಕಾಣುವ ಒರಟು ಸ್ಪಂಜು ಹೆಚ್ಚು ಕಾಲ ನೀರು ಬಿಡುತ್ತದೆ. ಕೊಳವೆಯೊಳಗೆ, ಗಾಳಿ ಬರುವ ತೂತಿಗೆ ಒಂದು ಚಿಕ್ಕ ಏರ್‌ಸ್ಟೋನ್ (ಗಾಳಿಯನ್ನು ಸಣ್ಣ ಗುಳ್ಳೆಗಳಾಗಿ ಒಡೆಯುವ ರಂಧ್ರದ ಕಲ್ಲು) ಸಿಕ್ಕಿಸಿದರೆ ದಪ್ಪ ಗುಳ್ಳೆಗಳ ಬದಲು ಸಣ್ಣ ಗುಳ್ಳೆಗಳು ಏಳುತ್ತವೆ, ಗುಳುಗುಳು ಸದ್ದು ತಗ್ಗುತ್ತದೆ, ನೀರಿನ ಹರಿವೂ ಹೆಚ್ಚುತ್ತದೆ. ಸ್ವಚ್ಛಗೊಳಿಸುವ ಕ್ರಮವೂ ಸರಳ. ವಾರದ ನೀರು ಬದಲಾವಣೆಯ ಹೊತ್ತಿನಲ್ಲಿ ಟ್ಯಾಂಕಿನಿಂದ ತೆಗೆದ ನೀರನ್ನು ಬಕೆಟ್ಟಿನಲ್ಲಿ ಹಿಡಿದಿಟ್ಟು, ಪಂಪ್ ನಿಲ್ಲಿಸಿ, ಸ್ಪಂಜಿನ ಕೆಳಗೆ ಒಂದು ಪ್ಲಾಸ್ಟಿಕ್ ಚೀಲ ಹಿಡಿದು ಮೇಲೆತ್ತಬೇಕು. ಇಲ್ಲವಾದರೆ ಹಿಡಿದಿಟ್ಟ ಕೊಳೆಯೆಲ್ಲ ಮತ್ತೆ ಟ್ಯಾಂಕಿನಲ್ಲೇ ಹರಡುತ್ತದೆ. ಆ ಬಕೆಟ್ಟಿನ ನೀರಿನಲ್ಲಿ ಸ್ಪಂಜನ್ನು ನಾಲ್ಕಾರು ಸಲ ಹಿಂಡಿದರೆ ನೀರು ಕಡುಕಂದು ಬಣ್ಣಕ್ಕೆ ತಿರುಗುತ್ತದೆ, ಕೈಗೆ ಲೋಳೆ ಹತ್ತಿದಂತಾಗುತ್ತದೆ. ಆ ಲೋಳೆಯನ್ನು ಪೂರ್ತಿ ತೊಳೆದುಬಿಡಬಾರದು, ಅದರಲ್ಲೇ ಬ್ಯಾಕ್ಟೀರಿಯಾಗಳಿರುತ್ತವೆ. ನಲ್ಲಿಯ ಕೆಳಗೆ ಹಿಡಿದು ಬಿಳಿಯಾಗುವವರೆಗೆ ತಿಕ್ಕಿದ ಸ್ಪಂಜು ಹೊಸ ಸ್ಪಂಜಿಗೆ ಸಮ, ಮತ್ತೆ ಮೊದಲಿನಿಂದ ಆರಂಭಿಸಬೇಕಾಗುತ್ತದೆ.

ಕರೆಂಟ್ ಹೋದಾಗ ಸ್ಪಂಜ್ ಫಿಲ್ಟರಿನ ಬೆಲೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. ನಾಲ್ಕು ವಾಟ್ ಎಳೆಯುವ ಏರ್ ಪಂಪ್ ಮನೆಯ ಇನ್ವರ್ಟರಿಗೆ ಯಾವ ಹೊರೆಯೂ ಅಲ್ಲ. ಇನ್ವರ್ಟರ್ ಇಲ್ಲದ ಮನೆಗಳಿಗೆ ರೀಚಾರ್ಜ್ ಮಾಡಬಹುದಾದ ಏರ್ ಪಂಪುಗಳು ಬಂದಿವೆ. ಅವುಗಳಲ್ಲಿ ಕೆಲವು ಕರೆಂಟ್ ಹೋದೊಡನೆ ತಾವೇ ಚಾಲೂ ಆಗುತ್ತವೆ. ನನ್ನ ದೃಷ್ಟಿಯಲ್ಲಿ ಈ ಪಂಪು ನಮ್ಮ ಜಿಲ್ಲೆಯ ಮೀನು ಸಾಕಣೆದಾರರು ಕೊಳ್ಳಬಹುದಾದ ಅತ್ಯಂತ ಉಪಯುಕ್ತ ವಸ್ತು. ಏರ್ ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಡಬೇಕು, ಸಾಧ್ಯವಾಗದಿದ್ದರೆ ಪೈಪಿನ ನಡುವೆ ನಾನ್ ರಿಟರ್ನ್ ವಾಲ್ವ್ ಹಾಕಬೇಕು. ಹತ್ತಿಪ್ಪತ್ತು ರೂಪಾಯಿಯ ಆ ವಾಲ್ವ್ ಇಲ್ಲದಿದ್ದರೆ ಪಂಪ್ ನಿಂತಾಗ ಟ್ಯಾಂಕಿನ ನೀರು ಅದೇ ಪೈಪಿನಲ್ಲಿ ಹಿಂದಕ್ಕೆ ಹರಿದು ಪಂಪಿಗೂ ಅಲ್ಲಿಂದ ನೆಲಕ್ಕೂ ಇಳಿಯಬಹುದು.

ಇದರ ಕುಂದುಗಳನ್ನೂ ಹೇಳಬೇಕು. ಸ್ಪಂಜ್ ಫಿಲ್ಟರ್ ಅಮೋನಿಯಾವನ್ನು ಎಷ್ಟು ಚೆನ್ನಾಗಿ ನಿಭಾಯಿಸುತ್ತದೋ ನೀರಿನಲ್ಲಿ ತೇಲುವ ಕಸವನ್ನು ಅಷ್ಟು ಚೆನ್ನಾಗಿ ಹಿಡಿಯುವುದಿಲ್ಲ. ಮೂರು ಅಡಿ ಉದ್ದ, ಒಂದು ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕಿನಲ್ಲಿ ಐದಾರು ಗೋಲ್ಡ್ ಫಿಶ್ ಇಟ್ಟರೆ ಅವುಗಳ ಮಲ ತಳದಲ್ಲಿ ಸಾಲುಸಾಲಾಗಿ ಬಿದ್ದಿರುತ್ತದೆ, ಸ್ಪಂಜು ದೂರದ ಮೂಲೆಯ ಕಸವನ್ನು ಎಳೆದುಕೊಳ್ಳಲಾರದು. ಕಪ್ಪು ಸ್ಪಂಜು ಟ್ಯಾಂಕಿನ ನಡುವೆ ಕಾಣುವುದನ್ನು ಮನೆಯವರು ಒಪ್ಪದಿರಬಹುದು. ಅಗ್ಗದ ಏರ್ ಪಂಪುಗಳ ಸದ್ದು ಮಲಗುವ ಕೋಣೆಯಲ್ಲಿ ಸಹಿಸಲು ಕಷ್ಟ. ಮಡಿಸಿದ ದಪ್ಪ ಬಟ್ಟೆಯ ಮೇಲೆ ಇಟ್ಟರೆ ಸ್ವಲ್ಪ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ.

ಟಾಪ್ ಫಿಲ್ಟರ್ ನಮ್ಮ ಕಡೆ ಬಹಳ ಜನಪ್ರಿಯ. ಟ್ಯಾಂಕಿನ ಮುಚ್ಚಳದೊಳಗೆ ಉದ್ದದ ತಟ್ಟೆ, ಅದರಲ್ಲಿ ಬಿಳಿ ಹತ್ತಿಯಂಥ ಫಿಲ್ಟರ್ ವೂಲ್, ನೀರಿನಲ್ಲಿ ಮುಳುಗಿದ ಮೋಟಾರ್ ನೀರನ್ನು ಮೇಲೆತ್ತಿ ತಟ್ಟೆಗೆ ಸುರಿಯುತ್ತದೆ, ಅಲ್ಲಿಂದ ಅದು ಮತ್ತೆ ಟ್ಯಾಂಕಿಗೆ ಬೀಳುತ್ತದೆ. ಕೈಗೆ ಸುಲಭವಾಗಿ ಸಿಗುತ್ತದೆ, ಬೀಳುವ ನೀರು ಗಾಳಿಯನ್ನು ಚೆನ್ನಾಗಿ ಸೇರಿಸುತ್ತದೆ, ಕರೆಂಟ್ ಹೋದಾಗಲೂ ತಟ್ಟೆಯ ವೂಲ್ ತೇವವಾಗಿ ಗಾಳಿಗೆ ತೆರೆದುಕೊಂಡಿರುವುದರಿಂದ ಬ್ಯಾಕ್ಟೀರಿಯಾಗಳು ಬೇಗ ಉಸಿರುಗಟ್ಟುವುದಿಲ್ಲ. ಈ ಒಂದು ಗುಣಕ್ಕಾಗಿ ನಾನು ಇದನ್ನು ಮುಚ್ಚಿದ ಡಬ್ಬಿಯ ಕ್ಯಾನಿಸ್ಟರಿಗಿಂತ ಮೇಲಿಡುತ್ತೇನೆ. ಆದರೆ ಅಂಗಡಿಯಿಂದ ಬರುವಾಗ ತಟ್ಟೆಯಲ್ಲಿರುವುದು ತೆಳುವಾದ ವೂಲ್ ಮಾತ್ರ. ಅದು ಕಟ್ಟಿಕೊಂಡಿತೆಂದರೆ ನೀರು ಅದರ ಮೇಲಿನಿಂದಲೇ ಜಾರಿಹೋಗುತ್ತದೆ ಅಥವಾ ತಟ್ಟೆ ತುಂಬಿ ಹೊರಚೆಲ್ಲುತ್ತದೆ. ತಟ್ಟೆಯ ತಳದಲ್ಲಿ ಸೆರಾಮಿಕ್ ರಿಂಗ್ ತುಂಬಿ, ಅದರ ಮೇಲೆ ವೂಲನ್ನು ತೆಳುವಾಗಿ ಹಾಸಿ, ಎಲ್ಲಕ್ಕಿಂತ ಮೇಲೆ ಒರಟು ಸ್ಪಂಜು ಇಟ್ಟು, ವೂಲನ್ನು ವಾರಕ್ಕೊಮ್ಮೆ ಬದಲಿಸುತ್ತಿದ್ದರೆ ಇದೇ ಅಗ್ಗದ ಸಾಧನ ಗೋಲ್ಡ್ ಫಿಶ್ ಟ್ಯಾಂಕನ್ನು ಚೆನ್ನಾಗಿ ನಡೆಸಬಲ್ಲದು.

ಗಡಸು ನೀರು ತನ್ನ ಗುರುತು ಬಿಡುವುದೂ ಟಾಪ್ ಫಿಲ್ಟರಿನಲ್ಲೇ. ನೀರು ಆವಿಯಾಗುವ ಅಂಚುಗಳಲ್ಲಿ, ತಟ್ಟೆಯ ತೂತುಗಳ ಸುತ್ತ, ಪೈಪಿನ ಬಾಯಲ್ಲಿ ಬಿಳಿಯ ಸುಣ್ಣದ ಪೊರೆ ಕಟ್ಟುತ್ತದೆ. ಉಗುರಿನಿಂದ ಕೆರೆದರೆ ಚಕ್ಕೆಚಕ್ಕೆಯಾಗಿ ಏಳುತ್ತದೆ. ಇದೇ ಪೊರೆ ಮೋಟಾರಿನ ಒಳಗೆ, ಇಂಪೆಲ್ಲರ್ (ನೀರನ್ನು ತಳ್ಳುವ ಪುಟ್ಟ ಚಕ್ರ) ತಿರುಗುವ ಗೂಡಿನಲ್ಲಿ ಕಟ್ಟಿದಾಗ ಮೋಟಾರ್ ಮೊದಲು ಕರಕರ ಎನ್ನುತ್ತದೆ, ಆಮೇಲೆ ಕರೆಂಟ್ ಹೋಗಿ ಬಂದಾಗ ಮತ್ತೆ ತಿರುಗುವುದೇ ಇಲ್ಲ. ‘ಮೋಟಾರ್ ಸುಟ್ಟಿತು’ ಎಂದು ಎಸೆದ ಎಷ್ಟೋ ಮೋಟಾರುಗಳು ಸುಟ್ಟಿರುವುದಿಲ್ಲ. ಪ್ಲಗ್ ತೆಗೆದು, ಮುಂದಿನ ಮುಚ್ಚಳ ಕಳಚಿ, ಅಯಸ್ಕಾಂತವಿರುವ ಇಂಪೆಲ್ಲರನ್ನು ಹೊರಕ್ಕೆಳೆದು, ಅದನ್ನು ನಿಂಬೆರಸ ಬೆರೆಸಿದ ನೀರಿನಲ್ಲಿ ಒಂದಷ್ಟು ಹೊತ್ತು ನೆನೆಹಾಕಿ ಹಳೆಯ ಟೂತ್ ಬ್ರಷ್ಷಿನಿಂದ ತಿಕ್ಕಿದರೆ ಸುಣ್ಣ ಕರಗಿಹೋಗುತ್ತದೆ. ಇಂಡಿ ತಾಲ್ಲೂಕಿನ ನಿಂಬೆಗೆ ಹೆಸರಾದ ಜಿಲ್ಲೆಯಲ್ಲಿ ಇದಕ್ಕಾಗಿ ಬೇರೆ ಔಷಧ ಹುಡುಕಬೇಕಾಗಿಲ್ಲ. ಚೆನ್ನಾಗಿ ತೊಳೆದು ಮತ್ತೆ ಜೋಡಿಸುವುದನ್ನು ಮಾತ್ರ ಮರೆಯಬಾರದು.

ಹ್ಯಾಂಗ್ ಆನ್ ಫಿಲ್ಟರ್ ಟ್ಯಾಂಕಿನ ಹಿಂಬದಿಯ ಗಾಜಿಗೆ ನೇತುಹಾಕುವಂಥದ್ದು. ನೋಡಲು ಅಚ್ಚುಕಟ್ಟು, ಸದ್ದು ಕಡಿಮೆ, ತೇಲುವ ಕಸವನ್ನು ಸ್ಪಂಜ್ ಫಿಲ್ಟರಿಗಿಂತ ಬೇಗ ಹಿಡಿಯುತ್ತದೆ, ತೆರೆದು ತೊಳೆಯಲು ಟ್ಯಾಂಕಿನೊಳಗೆ ಕೈ ಹಾಕಬೇಕಾಗಿಲ್ಲ. ಎರಡು ಅಡಿಯ ಟ್ಯಾಂಕಿಗೆ ಹೊಂದುವಂಥದ್ದು ಸುಮಾರು ಎಂಟುನೂರರಿಂದ ಒಂದೂವರೆ ಸಾವಿರ ರೂಪಾಯಿಗೆ ಸಿಗುತ್ತದೆ. ಇದರ ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಕಾಣುವ ‘ತಿಂಗಳಿಗೊಮ್ಮೆ ಕಾರ್ಟ್ರಿಡ್ಜ್ ಬದಲಿಸಿ’ ಎಂಬ ಸೂಚನೆಯನ್ನು ನಾನು ಒಪ್ಪುವುದಿಲ್ಲ. ಕಾರ್ಟ್ರಿಡ್ಜ್ ಎಂದರೆ ಫಿಲ್ಟರಿನೊಳಗೆ ಸಿಕ್ಕಿಸುವ, ನೀರು ಸೋಸುವ ಬಿಡಿ ತುಂಡು. ಬ್ಯಾಕ್ಟೀರಿಯಾಗಳು ನೆಲೆಸಿರುವುದೇ ಆ ಕಾರ್ಟ್ರಿಡ್ಜಿನಲ್ಲಿ. ಅದನ್ನು ಎಸೆದರೆ ಫಿಲ್ಟರಿನ ಅರ್ಧ ಜೀವವನ್ನೇ ಎಸೆದಂತೆ. ಕಾರ್ಟ್ರಿಡ್ಜ್ ತೆಗೆದು ಅದೇ ಅಳತೆಗೆ ಕತ್ತರಿಸಿದ ಸ್ಪಂಜನ್ನೂ ಒಂದು ಹಿಡಿ ಸೆರಾಮಿಕ್ ರಿಂಗನ್ನೂ ಹಾಕಿದರೆ ವರ್ಷಗಟ್ಟಲೆ ಬದಲಿಸದೆ ನಡೆಯುತ್ತದೆ. ಕೊಳ್ಳುವಾಗ ಮೋಟಾರ್ ಎಲ್ಲಿದೆ ಎಂದು ನೋಡಬೇಕು. ಮೋಟಾರ್ ನೀರಿನಲ್ಲಿ ಮುಳುಗಿರುವ ಮಾದರಿ ಕರೆಂಟ್ ಬಂದೊಡನೆ ತಾನಾಗಿಯೇ ನೀರೆತ್ತುತ್ತದೆ. ಮೋಟಾರ್ ಹೊರಗಿನ ಡಬ್ಬಿಯಲ್ಲಿರುವ ಮಾದರಿಯಲ್ಲಿ, ಟ್ಯಾಂಕಿನ ನೀರಿನ ಮಟ್ಟ ಇಳಿದಿದ್ದರೆ, ಕರೆಂಟ್ ಹೋದಾಗ ಪೈಪಿನ ನೀರು ಕೆಳಗಿಳಿದು ಮತ್ತೆ ಏರದೆ ಮೋಟಾರ್ ಒಣಗಿಯೇ ತಿರುಗುವ ಅಪಾಯವಿದೆ. ಬೇಸಿಗೆಯಲ್ಲಿ ನಮ್ಮ ಟ್ಯಾಂಕುಗಳ ನೀರು ಬೇಗ ಆವಿಯಾಗುವುದರಿಂದ ನಾನು ಮೊದಲ ಮಾದರಿಯನ್ನೇ ಶಿಫಾರಸು ಮಾಡುತ್ತೇನೆ.

ಕ್ಯಾನಿಸ್ಟರ್ ಬಗ್ಗೆ ಆಸೆಪಡದ ಮೀನು ಪ್ರೇಮಿಯಿಲ್ಲ. ಟ್ಯಾಂಕಿನ ಕೆಳಗಿನ ಕಪಾಟಿನಲ್ಲಿ ಅಡಗಿ ಕೂರುವ ಮುಚ್ಚಿದ ಡಬ್ಬಿ, ಅದರೊಳಗೆ ಮೂರು ನಾಲ್ಕು ಬುಟ್ಟಿ, ಕಿಲೋಗಟ್ಟಲೆ ಸೆರಾಮಿಕ್ ರಿಂಗ್ ಹಿಡಿಸುವ ಜಾಗ. ಜರ್ಮನಿಯ ಏಹೈಮ್ ಈ ಬಗೆಯ ಫಿಲ್ಟರಿಗೆ ಬಹುಕಾಲದಿಂದ ಹೆಸರಾದ ಕಂಪನಿ, ಅದರ ಬೆಲೆ ಸಾಮಾನ್ಯ ಮನೆಗೆ ಭಾರವೇ. ಚೀನಾದ ಸನ್‌ಸನ್, ಸೋಬೋ ಮೊದಲಾದವು ಕಡಿಮೆ ಬೆಲೆಯ ಮಾದರಿಗಳನ್ನು ತಂದ ಮೇಲೆ ನಾಲ್ಕೈದು ಸಾವಿರ ರೂಪಾಯಿಗೇ ಕ್ಯಾನಿಸ್ಟರ್ ಸಿಗುವಂತಾಯಿತು. ನಾಲ್ಕು ಅಡಿಗಿಂತ ದೊಡ್ಡ ಟ್ಯಾಂಕಿಗೆ, ಆಸ್ಕರ್ ಅಥವಾ ಫ್ಲವರ್ ಹಾರ್ನ್‌ನಂಥ ಹೆಚ್ಚು ತಿನ್ನುವ ಮೀನಿಗೆ, ಗಿಡಗಳನ್ನು ಬೆಳೆಸುವವರಿಗೆ ಇದರ ಸಾಮರ್ಥ್ಯವನ್ನು ಬೇರೆ ಯಾವುದೂ ಸರಿಗಟ್ಟದು.

ಆದರೆ ಡಬ್ಬಿಯ ಅಂಕಿಯನ್ನು ನಂಬಿ ಲೆಕ್ಕ ಹಾಕಬಾರದು. ಆ ಅಂಕಿ ನೀರನ್ನು ಮೇಲೆತ್ತುವ ಎತ್ತರವೂ ಇಲ್ಲದೆ, ಬುಟ್ಟಿಗಳೂ ಖಾಲಿಯಾಗಿರುವಾಗ ಮೋಟಾರ್ ಎಷ್ಟು ನೀರು ತಳ್ಳಬಲ್ಲದು ಎಂಬುದರದು. ಅಳೆಯುವುದು ಸುಲಭ: ಹೊರಬರುವ ಪೈಪನ್ನು ಟ್ಯಾಂಕಿನ ನೀರಿನ ಮಟ್ಟದಲ್ಲೇ ಹತ್ತು ಲೀಟರಿನ ಬಕೆಟ್ಟಿಗೆ ತಿರುಗಿಸಿ, ತುಂಬಲು ಎಷ್ಟು ಸೆಕೆಂಡ್ ಬೇಕಾಯಿತೆಂದು ಮೊಬೈಲಿನಲ್ಲಿ ನೋಡಬೇಕು. ಗಂಟೆಗೆ 1000 ಲೀಟರ್ ಎಂದು ಬರೆದಿರುವ ಫಿಲ್ಟರ್ ಆ ಬಕೆಟ್ಟನ್ನು 36 ಸೆಕೆಂಡಿನಲ್ಲಿ ತುಂಬಿಸಬೇಕು. ಬುಟ್ಟಿಗಳು ತುಂಬಿದ, ಕೆಲವು ವಾರ ನಡೆದ ಕ್ಯಾನಿಸ್ಟರಿನಲ್ಲಿ ನಾನು ಕಂಡದ್ದು 70 ಸೆಕೆಂಡ್, ಅಂದರೆ ಗಂಟೆಗೆ 500 ಲೀಟರಿಗಿಂತ ಸ್ವಲ್ಪ ಹೆಚ್ಚು. ಟ್ಯಾಂಕಿನ ಲೀಟರ್ ಲೆಕ್ಕಕ್ಕೆ ಉದ್ದ, ಅಗಲ, ಎತ್ತರಗಳನ್ನು ಅಡಿಯಲ್ಲಿ ಗುಣಿಸಿ ಬಂದುದನ್ನು 28.3ರಿಂದ ಗುಣಿಸಿದರಾಯಿತು, ಮೇಲೆ ಹೇಳಿದ ಮೂರು ಅಡಿಯ ಟ್ಯಾಂಕ್ ಸುಮಾರು 127 ಲೀಟರ್. ಗಂಟೆಗೆ ಟ್ಯಾಂಕಿನ ನೀರು ನಾಲ್ಕರಿಂದ ಆರು ಸಲ ಫಿಲ್ಟರಿನಲ್ಲಿ ಹಾಯಬೇಕೆಂಬುದು ರೂಢಿಯ ಲೆಕ್ಕ. ಹಾಗಾಗಿ ಆ ಟ್ಯಾಂಕಿಗೆ ನಿಜವಾಗಿ ಗಂಟೆಗೆ 500 ಲೀಟರಿನಿಂದ 750 ಲೀಟರ್ ಹಾಯಿಸುವ ಯಂತ್ರ ಬೇಕಾದರೆ ಡಬ್ಬಿಯ ಮೇಲೆ ಅದರ ಎರಡರಷ್ಟು ಬರೆದಿರುವುದನ್ನು ಕೊಳ್ಳಬೇಕಾಗುತ್ತದೆ.

ಕ್ಯಾನಿಸ್ಟರಿನ ದೊಡ್ಡ ದೌರ್ಬಲ್ಯ ಅದರ ಮುಚ್ಚಿದ ಡಬ್ಬಿಯಲ್ಲೇ ಇದೆ. ಕರೆಂಟ್ ಹೋಗಿ ಹರಿವು ನಿಂತೊಡನೆ ಒಳಗಿರುವ ಬ್ಯಾಕ್ಟೀರಿಯಾಗಳು ಅಲ್ಲಿರುವಷ್ಟು ಆಮ್ಲಜನಕವನ್ನು ಕೆಲವೇ ಗಂಟೆಗಳಲ್ಲಿ ಮುಗಿಸಿಬಿಡುತ್ತವೆ, ಬಿಸಿಲುಗಾಲದಲ್ಲಿ ಇನ್ನೂ ಬೇಗ. ಇಡೀ ರಾತ್ರಿ ನಿಂತಿದ್ದ ಕ್ಯಾನಿಸ್ಟರಿನ ಕ್ಲಿಪ್ ಬಿಚ್ಚಿ ತಲೆ ಎತ್ತಿದರೆ ಕೊಳೆತ ಮೊಟ್ಟೆಯ ನಾತ ಮುಖಕ್ಕೆ ಹೊಡೆಯುತ್ತದೆ. ಕಂದಾಗಿರಬೇಕಾದ ಸ್ಪಂಜಿನ ಕೆಳಭಾಗ ಕಪ್ಪಿಟ್ಟಿರುತ್ತದೆ. ಆ ನೀರು ಕರೆಂಟ್ ಬಂದೊಡನೆ ನೇರವಾಗಿ ಟ್ಯಾಂಕಿಗೆ ಹರಿದರೆ ಮೀನುಗಳಿಗೆ ಉಳಿಗಾಲವಿಲ್ಲ. ಎರಡು ಮೂರು ಗಂಟೆಗಿಂತ ಹೆಚ್ಚು ಹೊತ್ತು ಕರೆಂಟ್ ಇಲ್ಲದಿದ್ದರೆ ಪ್ಲಗ್ ಕಿತ್ತು, ಡಬ್ಬಿಯ ನೀರನ್ನು ಚೆಲ್ಲಿ, ಬುಟ್ಟಿಗಳನ್ನು ಟ್ಯಾಂಕಿನ ನೀರಿನಲ್ಲಿ ಜಾಲಾಡಿಸಿ, ಆಮೇಲೆ ಚಾಲೂ ಮಾಡಬೇಕು. ಮನೆಯಲ್ಲಿ ಯಾರೂ ಇಲ್ಲದ ಹಗಲಿನಲ್ಲಿ ಇದನ್ನು ಮಾಡುವವರು ಯಾರು? ಕ್ಯಾನಿಸ್ಟರ್ ಕೊಳ್ಳುವವರು ಇನ್ವರ್ಟರ್ ಸಾಲಿಗೆ ಅದನ್ನು ಜೋಡಿಸದೆ ಕೊಳ್ಳಬಾರದು ಎಂಬ ನನ್ನ ಮಾತಿಗೆ ಇದೇ ಕಾರಣ. ಇನ್ವರ್ಟರ್ ಸೈನ್ ವೇವ್ ಆಗಿರಬೇಕು. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಇಂಥ ಮೋಟಾರುಗಳು ಗುಂಯ್‌ಗುಡುತ್ತಾ ಬಿಸಿಯಾಗುತ್ತವೆ. ಕರೆಂಟ್ ಬಿಲ್ಲಿನ ಲೆಕ್ಕವನ್ನೂ ನೋಡಿ: 4 ವಾಟಿನ ಏರ್ ಪಂಪ್ ತಿಂಗಳಿಡೀ ನಡೆದರೆ ಮೂರು ಯೂನಿಟ್ಟಿಗಿಂತ ಕಡಿಮೆ, 30 ವಾಟಿನ ಕ್ಯಾನಿಸ್ಟರ್ ಅದೇ ಅವಧಿಯಲ್ಲಿ 21 ಯೂನಿಟ್ಟಿಗೂ ಹೆಚ್ಚು.

ಕಲ್ಲಿನ ಕೆಳಗೆ ಹಾಸುವ ಅಂಡರ್ ಗ್ರಾವೆಲ್ ಫಿಲ್ಟರನ್ನು ಇಂದು ಹೊಸದಾಗಿ ಕೊಳ್ಳುವ ಅಗತ್ಯವಿಲ್ಲ. ಕೊಳೆ ಕಲ್ಲಿನಡಿ ಸೇರಿಕೊಂಡು ತೆಗೆಯುವುದು ಕಷ್ಟವಾಗುತ್ತದೆ. ಒಳಗೆ ಮುಳುಗಿಸುವ ಇಂಟರ್ನಲ್ ಫಿಲ್ಟರಿನಲ್ಲಿ ಸ್ಪಂಜಿನ ಜಾಗ ತೀರ ಕಡಿಮೆ, ಮೋಟಾರಿನ ಬಿಸಿ ಪೂರ್ತಿ ನೀರಿಗೇ ಸೇರುತ್ತದೆ.

ಫಿಲ್ಟರಿನೊಳಗೆ ಏನು ತುಂಬಬೇಕು ಎಂಬುದರಲ್ಲಿ ಅಂಗಡಿಗಳು ಕೊಡುವ ಸಲಹೆ ಹೆಚ್ಚಾಗಿ ಮಾರಾಟದ್ದು. ನೀರು ಮೊದಲು ಒರಟು ಸ್ಪಂಜನ್ನು, ಆಮೇಲೆ ನುಣುಪು ವೂಲನ್ನು, ಕೊನೆಗೆ ಸೆರಾಮಿಕ್ ರಿಂಗನ್ನು ಮುಟ್ಟಬೇಕು. ಕೆಸರು ಮೊದಲೇ ನಿಲ್ಲದಿದ್ದರೆ ರಿಂಗುಗಳ ಸೂಕ್ಷ್ಮ ರಂಧ್ರಗಳು ಮುಚ್ಚಿಹೋಗುತ್ತವೆ. ಈ ತತ್ತ್ವ ನಮ್ಮ ಊರಿಗೆ ಹೊಸದಲ್ಲ. 1651ರಲ್ಲಿ ಮೊಹಮ್ಮದ್ ಆದಿಲ್ ಶಾ ಕಟ್ಟಿಸಿದ ಬೇಗಂ ತಲಾಬ್ ಎಂಬ ಕೆರೆಯಿಂದ ಮಣ್ಣಿನ ಕೊಳವೆಗಳಲ್ಲಿ ನಗರಕ್ಕೆ ಬರುತ್ತಿದ್ದ ನೀರಿನ ಒತ್ತಡ ತಗ್ಗಿಸಲೂ, ಕೆಸರು ತಳದಲ್ಲೇ ನಿಂತು ತಿಳಿನೀರು ಮುಂದೆ ಹೋಗಲೂ ದಾರಿಯುದ್ದಕ್ಕೆ ಗಂಜ್ ಎಂಬ ಗೋಪುರಗಳನ್ನು ಕಟ್ಟಿದ್ದರು. ಬಯೋ ಬಾಲ್ ಎಂಬ ಪ್ಲಾಸ್ಟಿಕ್ ಚೆಂಡುಗಳು ನೀರು ಮೇಲಿನಿಂದ ತೊಟ್ಟಿಕ್ಕುವ ಕಡೆ ಸರಿ, ಕ್ಯಾನಿಸ್ಟರಿನಲ್ಲಿ ಮುಳುಗಿಸಿಟ್ಟರೆ ಅದೇ ಜಾಗದಲ್ಲಿ ಸೆರಾಮಿಕ್ ಕೊಡುವಷ್ಟು ನೆಲೆಯನ್ನು ಕೊಡುವುದಿಲ್ಲ. ಕಾರ್ಬನ್ ಬಣ್ಣ, ವಾಸನೆ, ಔಷಧದ ಉಳಿಕೆಗಳನ್ನು ತೆಗೆಯುತ್ತದೆಯೇ ಹೊರತು ಅಮೋನಿಯಾವನ್ನು ತೆಗೆಯುವುದಿಲ್ಲ, ಕೆಲವು ವಾರಗಳಲ್ಲಿ ನಿಷ್ಪ್ರಯೋಜಕವಾಗುತ್ತದೆ. ದಿನನಿತ್ಯಕ್ಕೆ ಅದು ಬೇಡ. ಜಿಯೋಲೈಟ್ ಎಂಬ ಖನಿಜದ ಹರಳು ಅಮೋನಿಯಾವನ್ನು ಹೀರುತ್ತದೆ ನಿಜ, ಆದರೆ ಉಪ್ಪು ತಗುಲಿದಾಗ ಹೀರಿದ್ದನ್ನು ಮತ್ತೆ ಬಿಡುತ್ತದೆ. ಮೀನಿಗೆ ಕಾಯಿಲೆ ಬಂದೊಡನೆ ಟ್ಯಾಂಕಿಗೆ ಕಲ್ಲುಪ್ಪು ಹಾಕುವ ರೂಢಿ ನಮ್ಮಲ್ಲಿರುವುದರಿಂದ, ಜಿಯೋಲೈಟ್ ಇದ್ದರೆ ಅದನ್ನು ಮೊದಲು ಹೊರತೆಗೆಯಬೇಕು.

ಯಾವ ಫಿಲ್ಟರ್ ತಂದರೂ ಮೊದಲ ದಿನದಿಂದಲೇ ಅದು ಕೆಲಸ ಮಾಡುವುದಿಲ್ಲ. ಬ್ಯಾಕ್ಟೀರಿಯಾಗಳು ಸಾಕಷ್ಟು ಬೆಳೆಯಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಪರಿಚಯದವರ ಆರೋಗ್ಯವಂತ ಟ್ಯಾಂಕಿನಿಂದ ಬಳಸಿದ ಸ್ಪಂಜಿನ ಒಂದು ತುಂಡನ್ನು ಒದ್ದೆಯಾಗಿಯೇ ತಂದು ಹೊಸ ಫಿಲ್ಟರಿನಲ್ಲಿ ಇಟ್ಟರೆ ಈ ಅವಧಿ ಬಹಳ ಕಡಿಮೆಯಾಗುತ್ತದೆ. ಹಳೆಯ ಫಿಲ್ಟರ್ ಬದಲಿಸುವವರು ಹಳೆಯದನ್ನೂ ಹೊಸದನ್ನೂ ಕನಿಷ್ಠ ಒಂದು ತಿಂಗಳು ಜೊತೆಯಾಗಿ ನಡೆಸಿ, ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆ ತೋರಿಸುತ್ತಿವೆ ಎಂದು ಖಚಿತಪಡಿಸಿಕೊಂಡ ಮೇಲೆ ಹಳೆಯದನ್ನು ತೆಗೆಯಬೇಕು.

ಹೀಗಾಗಿ ಎರಡು ಅಡಿಯ ಟ್ಯಾಂಕಿನಲ್ಲಿ ಗಪ್ಪಿ, ಮೋಲಿ ಸಾಕುವವರಿಗೆ ಒಳ್ಳೆಯ ಸ್ಪಂಜ್ ಫಿಲ್ಟರ್ ಒಂದು, ರೀಚಾರ್ಜ್ ಆಗುವ ಏರ್ ಪಂಪ್ ಒಂದು, ಇಷ್ಟೇ ಸಾಕು. ಉಳಿದ ಹಣವನ್ನು ಟೆಸ್ಟ್ ಕಿಟ್ಟಿಗೆ ಇಡಲಿ. ಮೂರು ಅಡಿಯ ಗೋಲ್ಡ್ ಫಿಶ್ ಟ್ಯಾಂಕಿಗೆ ಸೆರಾಮಿಕ್ ತುಂಬಿದ ಟಾಪ್ ಫಿಲ್ಟರ್ ಅಥವಾ ಮುಳುಗುವ ಮೋಟಾರಿನ ಹ್ಯಾಂಗ್ ಆನ್ ಒಂದು, ಅದರ ಜೊತೆಗೆ ಮೂಲೆಯಲ್ಲಿ ಸ್ಪಂಜ್ ಫಿಲ್ಟರ್ ಒಂದು ಇರಬೇಕು. ದೊಡ್ಡದು ನಿಂತರೂ ಚಿಕ್ಕದು ಮೀನನ್ನು ಉಳಿಸುತ್ತದೆ. ನಾಲ್ಕು ಅಡಿಗಿಂತ ದೊಡ್ಡದಾದರೆ, ಇನ್ವರ್ಟರ್ ಇರುವ ಮನೆಯಲ್ಲಿ, ಕ್ಯಾನಿಸ್ಟರ್ ತರಬಹುದು, ಆಗಲೂ ಸ್ಪಂಜನ್ನು ತೆಗೆಯಬಾರದು. ಹಣ ಕೊಡುವ ಮುನ್ನ ಆ ಮಾದರಿಯ ಇಂಪೆಲ್ಲರ್, ಕ್ಯಾನಿಸ್ಟರ್ ಆದರೆ ಅದರ ರಬ್ಬರ್ ರಿಂಗ್, ಬಿಡಿಯಾಗಿ ಸಿಗುತ್ತದೆಯೇ ಎಂದು ಅಂಗಡಿಯಲ್ಲೇ ಕೇಳಿ, ಸಿಕ್ಕರೆ ಒಂದೊಂದನ್ನು ಅಂದೇ ಕೊಂಡಿಟ್ಟುಕೊಳ್ಳುವುದು ಒಳ್ಳೆಯದು. ಸೊಲ್ಲಾಪುರದಿಂದಲೋ ಆನ್‌ಲೈನಿನಲ್ಲೋ ತರಿಸಿಕೊಳ್ಳುವವರಂತೂ ಇದನ್ನು ತಪ್ಪದೆ ಮಾಡಬೇಕು. ಬಿಡಿಭಾಗ ಬರುವವರೆಗೆ ಮೀನುಗಳು ಕಾಯಲಾರವು.